ಊರು ನೋಡಿ, ಬಡಾವಣೆ ನೋಡಿ, ಆಮೇಲೆ ಮನೆ ನೋಡಿ

ಮೈಸೂರು, ಮಂಡ್ಯ ಕಡೆ ನೆಲೆ ನಿಲ್ಲಬೇಕೆಂದಿರುವ ಓದುಗರ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ. ಬಂದ ಪತ್ರಗಳಲ್ಲಿ ಬಹುಪಾಲು ಕೇಳಿರುವುದು ಚದರಡಿಯ ದರವನ್ನು. ಅದಕ್ಕಿಂತ ಮೊದಲು ಕೇಳಬೇಕಾದ ಮಾತೊಂದಿದೆ: ಆ ಬೀದಿಯ ನೀರು, ಚರಂಡಿ, ದೀಪ ಇವತ್ತು ಯಾರ ಸುಪರ್ದಿಯಲ್ಲಿವೆ? ಕೆಳಗಿನ ಉತ್ತರಗಳು ಮತ್ತೆ ಮತ್ತೆ ಅಲ್ಲಿಗೇ ಬರುತ್ತವೆ.

ಪ್ರಶ್ನೆ: ಮುಂದಿನ ವರ್ಷ ಬೆಂಗಳೂರು ಬಿಟ್ಟು ಮೈಸೂರಿಗೆ ಬರುತ್ತಿದ್ದೇವೆ. ಕುವೆಂಪುನಗರ, ವಿಜಯನಗರ, ಬೋಗಾದಿ, ಶ್ರೀರಾಂಪುರ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಗಳು ಎಂಟನೇ ತರಗತಿ, ಅತ್ತೆಗೆ ಹೃದಯದ ತೊಂದರೆ. ಹೇಗೆ ಆರಿಸುವುದು? — ಓದುಗರು, ಬೆಂಗಳೂರು

ಮೊದಲು ನಿಮ್ಮ ಮನೆಯವರ ಓಡಾಟವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಯಾರು, ಎಲ್ಲಿಗೆ, ವಾರಕ್ಕೆ ಎಷ್ಟು ಸಲ. ಹೃದ್ರೋಗದ ಜಯದೇವ ಆಸ್ಪತ್ರೆ ಇರುವುದು ಕೆಆರ್‌ಎಸ್ ರಸ್ತೆಯಲ್ಲಿ. ವಿಜಯನಗರ, ಗೋಕುಲಂ, ಒಂಟಿಕೊಪ್ಪಲು ಕಡೆಯಿಂದ ಅದು ಕೈಗೆಟುಕುವ ದೂರ. ಶ್ರೀರಾಂಪುರ ಅಥವಾ ಜೆ.ಪಿ. ನಗರದಿಂದ ಊರನ್ನೇ ದಾಟಬೇಕು. ಆ ದಕ್ಷಿಣದ ಕಡೆಯವರಿಗೆ ಅಗ್ರಹಾರದ ಜೆಎಸ್‌ಎಸ್ ಆಸ್ಪತ್ರೆ ಹತ್ತಿರ. ಅತ್ತೆಯವರು ಯಾವ ಆಸ್ಪತ್ರೆಯಲ್ಲಿ ತೋರಿಸುತ್ತಾರೆ ಎಂಬುದು ಗೊತ್ತಾದರೆ ನಿಮ್ಮ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ.

ಇನ್ನು ಸುಪರ್ದಿಯ ಮಾತು. ಕುವೆಂಪುನಗರ, ಸರಸ್ವತಿಪುರಂ, ಗೋಕುಲಂ ಮಹಾನಗರ ಪಾಲಿಕೆಯ ಹಳೆಯ ವಾರ್ಡುಗಳು. ಒಳಚರಂಡಿ, ನೀರಿನ ಕೊಳವೆ ಎಲ್ಲ ಕೂಡಿಬಂದಿವೆ, ಬೆಲೆಯೂ ಹಾಗೇ ಇದೆ. ಹೊರಗೆ ಹೋದಂತೆ ಚಿತ್ರ ಬದಲಾಗುತ್ತದೆ. ಹೂಟಗಳ್ಳಿ ನಗರಸಭೆ ಆಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಇವುಗಳ ನಡುವೆ ಖಾಸಗಿಯವರು ಮಾಡಿದ, ಇನ್ನೂ ಯಾರಿಗೂ ಹಸ್ತಾಂತರವಾಗದ ಬಡಾವಣೆಗಳಿವೆ. ಒಂದೇ ರಸ್ತೆಯ ಎಡಬದಿ ಒಬ್ಬರಿಗೆ, ಬಲಬದಿ ಇನ್ನೊಬ್ಬರಿಗೆ ಸೇರಿರುವುದುಂಟು. ‘ಬೋಗಾದಿಯಲ್ಲಿ ಮನೆ’ ಎಂದ ಮಾತ್ರಕ್ಕೆ ಏನೂ ತಿಳಿಯುವುದಿಲ್ಲ.

ತಿಳಿದುಕೊಳ್ಳುವ ಸುಲಭ ದಾರಿ ಇದು. ನೋಡಲು ಹೋದ ಮನೆಯವರಿಂದ ಎರಡು ಕಾಗದ ಕೇಳಿ: ಈ ಸಾಲಿನ ಕಂದಾಯದ ರಸೀದಿ, ಕೊನೆಯ ನೀರಿನ ಬಿಲ್ಲು. ಮೇಲೆ ಯಾವ ಸಂಸ್ಥೆಯ ಹೆಸರು ಅಚ್ಚಾಗಿದೆಯೋ ಅವರೇ ನಿಮ್ಮ ಮುಂದಿನ ದಣಿಗಳು. ಕಂದಾಯ ಪಂಚಾಯಿತಿಗೆ ಹೋಗುತ್ತಿದ್ದು ನೀರಿನ ಹಣವನ್ನು ನಿವಾಸಿಗಳ ಸಂಘವೊಂದು ಕೈಬರಹದ ಚೀಟಿಯಲ್ಲಿ ವಸೂಲಿ ಮಾಡುತ್ತಿದ್ದರೆ, ಆ ಬಡಾವಣೆ ಬಹುಮಟ್ಟಿಗೆ ತನ್ನ ಬೋರ್‌ವೆಲ್ ಮೇಲೆ ನಿಂತಿದೆ ಎಂದರ್ಥ. ಮೋಟರ್ ಸುಟ್ಟರೆ ರಿಪೇರಿಗೆ ದುಡ್ಡು ಹಾಕಬೇಕಾದವರು ನೀವೇ.

ಮೈಸೂರಿಗೆ ನೀರು ಬರುವುದು ಕಾವೇರಿಯ ಹೊಂಗಳ್ಳಿ, ಬೆಳಗೊಳ, ಮೇಳಾಪುರ ಮತ್ತು ಕಬಿನಿಯ ಬಿದರಗೋಡು ಘಟಕಗಳಿಂದ. ‘ಕಾವೇರಿ ಕನೆಕ್ಷನ್ ಇದೆ’ ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ಬರುತ್ತದೆ, ಏಪ್ರಿಲ್‌ನಲ್ಲಿ ಟ್ಯಾಂಕರ್ ಕರೆಸಿದಿರಾ ಎಂದು ಆ ಬೀದಿಯ ಮೂರು ಮನೆಗಳಲ್ಲಿ ಕೇಳಿ. ಸಾಧ್ಯವಾದರೆ ನೀರು ಬಿಟ್ಟ ಹೊತ್ತಿನಲ್ಲೇ ಹೋಗಿ, ಸಂಪಿಗೆ ಬೀಳುವ ನಲ್ಲಿಗೆ 15 ಲೀಟರ್ ಬಕೆಟ್ ಇಟ್ಟು ಗಡಿಯಾರ ನೋಡಿ. ಮಾಳಿಗೆಯ ಟ್ಯಾಂಕಿನ ನಲ್ಲಿ ಲೆಕ್ಕಕ್ಕಿಲ್ಲ, ಬೀದಿಯ ಕೊಳವೆಯ ನೇರ ನೀರೇ ಆಗಬೇಕು. ಒಂದು ನಿಮಿಷದಲ್ಲಿ ತುಂಬಿದರೆ ಗಂಟೆಗೆ 900 ಲೀಟರ್. ಮೂರು ನಿಮಿಷ ಹಿಡಿದರೆ 300 ಮಾತ್ರ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ಕು ಜನರ ಮನೆಗೆ 540 ಲೀಟರ್ ಬೇಕು. ದಿನ ಬಿಟ್ಟು ದಿನ ಎರಡು ಗಂಟೆ ನೀರು ಬರುವ ಕಡೆ, ಮೊದಲ ಮನೆಗೆ 1,800 ಲೀಟರ್ ಸಿಕ್ಕಿ ಮಿಗುತ್ತದೆ. ಎರಡನೆಯದಕ್ಕೆ ಸಿಗುವುದು 600, ಬೇಕಾದದ್ದು 1,080. ಬೀದಿಯ ಎತ್ತರದ ತುದಿಯ ಮನೆಗೂ ತಗ್ಗಿನ ಮನೆಗೂ ಇಷ್ಟು ವ್ಯತ್ಯಾಸ ಬರುವುದು ಸಾಮಾನ್ಯ. ಹಾಗಾಗಿ ಪಕ್ಕದ ರಸ್ತೆಯ ಮಾತು ನಂಬದೆ ಅದೇ ಮನೆಯಲ್ಲಿ ಅಳೆಯಿರಿ.

ಬೋರ್‌ವೆಲ್ ನೀರಾದರೆ ಪ್ರಯೋಗಾಲಯದ ವರದಿ ಬೇಕು. ಜೇಬಿನಲ್ಲಿಟ್ಟುಕೊಳ್ಳುವ ಟಿಡಿಎಸ್ ಮೀಟರ್ ಒಟ್ಟು ಲವಣವನ್ನಷ್ಟೇ ಹೇಳುತ್ತದೆ. ಫ್ಲೋರೈಡ್, ನೈಟ್ರೇಟ್, ಕೊಳಚೆಯ ಬ್ಯಾಕ್ಟೀರಿಯಾ ಅದಕ್ಕೆ ಕಾಣುವುದಿಲ್ಲ. ಭಾರತೀಯ ಮಾನಕದಲ್ಲಿ ಕುಡಿಯುವ ನೀರಿಗೆ ಲೀಟರಿಗೆ ಟಿಡಿಎಸ್ 500, ಗಡಸುತನ 200 ಮಿಲಿಗ್ರಾಂ ಒಳ್ಳೆಯ ಮಿತಿ. ಬೇರೆ ನೀರೇ ಇಲ್ಲದಿದ್ದರೆ 2,000 ಮತ್ತು 600ರವರೆಗೆ ಸಹಿಸಬಹುದು. ನೈಟ್ರೇಟ್ 45 ದಾಟಬಾರದು. ದಾಟಿದ್ದರೆ ಹತ್ತಿರದಲ್ಲೆಲ್ಲೋ ಶೌಚದ ಗುಂಡಿ ಇಂಗುತ್ತಿರುವ ಅನುಮಾನ ಮೊದಲು ಬರಬೇಕು.

ಒಂದು ಜಾಗವನ್ನು ನಾಲ್ಕು ಹೊತ್ತಿನಲ್ಲಿ ನೋಡಿ: ವಾರದ ದಿನ ಬೆಳಗ್ಗೆ ಎಂಟೂವರೆಗೆ, ಸಂಜೆ ಕತ್ತಲಾಗುವಾಗ, ಮುಹೂರ್ತ ಇರುವ ದಿನ ರಾತ್ರಿ ಹತ್ತಕ್ಕೆ (ಕಲ್ಯಾಣ ಮಂಟಪ ಎಷ್ಟು ದೂರವಿದೆ ಎಂದು ಕಿವಿಯೇ ಹೇಳುತ್ತದೆ), ಮತ್ತೆ ದೊಡ್ಡ ಮಳೆಯ ಮರುದಿನ ಬೆಳಗ್ಗೆ. ಮೈಸೂರಿನಲ್ಲಿ ಮಳೆ ಜೋರಾಗುವುದು ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ನಗರ ಕೂತಿರುವುದು ಕಾವೇರಿಗೂ ಕಬಿನಿಗೂ ನೀರು ಹಂಚುವ ದಿಣ್ಣೆಯ ಮೇಲೆ. ದಿಣ್ಣೆಯ ಮೇಲೆ ನೀರು ನಿಲ್ಲುವುದಿಲ್ಲ, ಇಳಿಜಾರಿನ ರಾಜಕಾಲುವೆ ಮತ್ತು ಕೆರೆಗಳ ಅಂಚಿನಲ್ಲಿ ನುಗ್ಗುತ್ತದೆ. ಕಾಂಪೌಂಡಿನ ಮೇಲೆ ಒಂದೇ ಮಟ್ಟದಲ್ಲಿ ಎಳೆದಂತಿರುವ ಕೆಸರಿನ ಗೆರೆ, ಗೇಟಿನ ಬುಡಕ್ಕೆ ಅಡ್ಡ ಕಟ್ಟಿದ ಎರಡು ವರಸೆ ಇಟ್ಟಿಗೆ, ಬಾಗಿಲ ಮುಂದಿನ ಮರಳಿನ ಮೂಟೆ ಕಂಡರೆ ಮಾಲೀಕರನ್ನು ಕೇಳುವುದೇ ಬೇಡ.

ಕೊಳಚೆ ನೀರು ಶುದ್ಧೀಕರಣ ಘಟಕಗಳಿರುವ ವಿದ್ಯಾರಣ್ಯಪುರಂ, ರಾಯನಕೆರೆ, ಕೆಸರೆ ಕಡೆ ಮನೆ ನೋಡುವವರು ಗಾಳಿಯನ್ನೂ ಗಮನಿಸಬೇಕು. ಮುಂಗಾರಿನಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ. ಚಳಿಗಾಲದಲ್ಲಿ ಪೂರ್ವ, ಈಶಾನ್ಯದಿಂದ. ಜುಲೈನಲ್ಲಿ ವಾಸನೆಯೇ ಇಲ್ಲದ ಬೀದಿಗೆ ಡಿಸೆಂಬರ್‌ನಲ್ಲಿ ಬರಬಹುದು.

ನಿಮ್ಮ ವಿಷಯಕ್ಕೆ ನೇರವಾಗಿ ಹೇಳುವುದಾದರೆ: ಆಸ್ಪತ್ರೆ ಜಯದೇವವೇ ಆಗಿದ್ದರೆ ವಿಜಯನಗರದ ಮೊದಲ ಎರಡು ಹಂತ ಅಥವಾ ಗೋಕುಲಂ ಕಡೆ 11 ತಿಂಗಳ ಬಾಡಿಗೆಗೆ ಬನ್ನಿ, ಒಂದು ಬೇಸಿಗೆ ಒಂದು ಮಳೆಗಾಲ ಕಳೆಯಿರಿ, ಆಮೇಲೆ ಕೊಳ್ಳಿ. ಮಗಳ ಶಾಲೆ ಬದಲಿಸುವುದಾದರೆ ಎಂಟು ಮುಗಿದು ಒಂಬತ್ತಕ್ಕೆ ಸೇರುವಾಗಲೇ ಆಗಲಿ, ಎಸ್‌ಎಸ್‌ಎಲ್‌ಸಿ ವರ್ಷಕ್ಕೆ ತಳ್ಳಬೇಡಿ.

ಪ್ರಶ್ನೆ: ರಿಂಗ್ ರಸ್ತೆ ಆಚೆ ‘ಮುಡಾ ಅನುಮೋದಿತ ಬಡಾವಣೆ’ ಎಂಬ ಜಾಹೀರಾತು ನೋಡಿ ಸೈಟು ಮೆಚ್ಚಿದ್ದೇವೆ. ಅನುಮೋದನೆ ಇದ್ದ ಮೇಲೆ ವಕೀಲರ ಖರ್ಚು ಬೇಕೆ? — ಓದುಗರು, ಹಾಸನ

ಬೇಕು. ‘ಅನುಮೋದಿತ’ ಎಂಬ ಒಂದೇ ಪದ ಮೂರು ಬೇರೆ ಬೇರೆ ಹಂತಗಳಿಗೆ ಬಳಕೆಯಾಗುತ್ತಿದೆ. ಮೊದಲನೆಯದು ಭೂ ಪರಿವರ್ತನೆ, ಅಂದರೆ ಕೃಷಿ ಜಮೀನನ್ನು ವಾಸಕ್ಕೆ ಬಳಸಲು ಜಿಲ್ಲಾಧಿಕಾರಿಯ ಆದೇಶ. ಇದಿಷ್ಟೇ ಇದ್ದರೆ ಬಡಾವಣೆಯಾಗಲಿಲ್ಲ. ಎರಡನೆಯದು ಅಭಿವೃದ್ಧಿ ಪ್ರಾಧಿಕಾರ (ಜಾಹೀರಾತಿನ ‘ಮುಡಾ’) ಬಡಾವಣೆ ನಕ್ಷೆಗೆ ಕೊಡುವ ಅನುಮೋದನೆ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಇದರಲ್ಲಿ ಗುರುತಾಗಿ, ಅವನ್ನು ನೋಂದಾಯಿತ ಪತ್ರದ ಮೂಲಕ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟಿರಬೇಕು. ಮೂರನೆಯದು ನಿವೇಶನ ಬಿಡುಗಡೆ. ಚರಂಡಿ, ರಸ್ತೆ, ನೀರು, ವಿದ್ಯುತ್ ಕೆಲಸ ಮುಗಿದಂತೆ ಹಂತ ಹಂತವಾಗಿ ಇಂತಿಂಥ ಸಂಖ್ಯೆಯ ಸೈಟುಗಳನ್ನು ಮಾರಬಹುದು ಎಂದು ಪತ್ರ ಕೊಡುತ್ತಾರೆ. ನೀವು ಮೆಚ್ಚಿದ ಸೈಟಿನ ಸಂಖ್ಯೆ ಆ ಬಿಡುಗಡೆ ಪತ್ರದಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಇವತ್ತಿಗೆ ಅದು ಮಾರಾಟಕ್ಕೆ ಅರ್ಹವಲ್ಲ, ಎಷ್ಟೇ ಚೆಂದದ ಕಮಾನು ಕಟ್ಟಿದ್ದರೂ.

ಜಾಗದಲ್ಲಿ ನಿಂತು ನಕ್ಷೆಯ ಪ್ರತಿ ಕೈಯಲ್ಲಿ ಹಿಡಿದು ಉದ್ಯಾನ ಎಲ್ಲಿದೆ ಹುಡುಕಿ. ನಕ್ಷೆಯ ಉದ್ಯಾನದಲ್ಲಿ ಕಲ್ಲು ನೆಟ್ಟು ಸೈಟು ಮಾಡಿದ್ದರೆ ಅದೊಂದೇ ಸಾಕು, ವಾಪಸ್ ಬನ್ನಿ. ಪ್ರಾಧಿಕಾರದ ಕಚೇರಿಯಲ್ಲಿ ದೃಢೀಕೃತ ಪ್ರತಿ ಪಡೆದುಕೊಳ್ಳಿ. ಮಾರುವವರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಚಿತ್ರ ದಾಖಲೆಯಲ್ಲ.

500 ಚದರ ಮೀಟರ್ ಮೀರಿದ ಅಥವಾ ಎಂಟಕ್ಕಿಂತ ಹೆಚ್ಚು ಘಟಕಗಳ ಯೋಜನೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ (ರೇರಾ) ನೋಂದಣಿಯಾಗಿರಬೇಕು, ಸೈಟುಗಳ ಬಡಾವಣೆಗೂ ಇದು ಅನ್ವಯ. ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿದರೆ ಮಂಜೂರಾದ ನಕ್ಷೆ, ಮುಗಿಸಬೇಕಾದ ದಿನಾಂಕ, ದೂರುಗಳು ಸಿಗುತ್ತವೆ. ಕರಾರುಪತ್ರ ನೋಂದಾಯಿಸುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ. ‘ನಾಳೆ ರೇಟ್ ಏರುತ್ತೆ, ಅರ್ಧ ಕಟ್ಟಿಬಿಡಿ’ ಎನ್ನುವವರಿಗೆ ಈ ನಿಯಮವನ್ನು ನೆನಪಿಸಿ.

ಋಣಭಾರ ಪ್ರಮಾಣಪತ್ರ, ನಾವೆಲ್ಲ ಇಸಿ ಎನ್ನುವುದು, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಹೋಗಬೇಕು. 30 ವರ್ಷದ್ದು ತೆಗೆಸಿ. ಇಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ: ಸೈಟ್ ನಂಬರ್ ಹಾಕಿ ಹುಡುಕಿದರೆ ಬಡಾವಣೆಯಾದ ನಂತರದ ವ್ಯವಹಾರ ಮಾತ್ರ ಬರುತ್ತದೆ. ಅದಕ್ಕೂ ಮುಂಚೆ ಅದು ಜಮೀನಾಗಿತ್ತು, ಸರ್ವೆ ನಂಬರಿನಲ್ಲಿತ್ತು. ಸರ್ವೆ ನಂಬರ್ ಹಾಕಿ ಇನ್ನೊಂದು ಇಸಿ ತೆಗೆಯದಿದ್ದರೆ ರೈತ ಕುಟುಂಬದ ಭಾಗಪತ್ರ, ಹಳೆಯ ಅಡಮಾನ ಕಾಣುವುದೇ ಇಲ್ಲ. ಊರು ನಡುವೆ ಒಂದು ಉಪನೋಂದಣಿ ವ್ಯಾಪ್ತಿಯಿಂದ ಇನ್ನೊಂದಕ್ಕೆ ಹೋಗಿದ್ದರೆ ಎರಡೂ ಕಡೆ ಹುಡುಕಿಸಿ. ನಮೂನೆ 16 ಎಂದರೆ ಆ ಅವಧಿಯಲ್ಲಿ ವ್ಯವಹಾರವಿಲ್ಲ ಎಂದು. ಈಚೆಗೆ ಕ್ರಯವಾದ ಸೈಟಿಗೆ ನಮೂನೆ 16 ಬಂದರೆ ಹುಡುಕಿದ ನಂಬರೇ ತಪ್ಪು. ಕೋರ್ಟ್ ವ್ಯಾಜ್ಯ, ನೋಂದಾಯಿಸದ ಕರಾರು ಇಸಿಯಲ್ಲಿ ಕಾಣುವ ಖಾತ್ರಿಯಿಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾಲೀಕರ ಹೆಸರು ಹಾಕಿ ಬೇರೆಯಾಗಿ ನೋಡಬೇಕು.

ಆ ಜಮೀನು ಹಿಂದೆ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಲ್ಲ ಎಂದು ತಹಶೀಲ್ದಾರರಿಂದ ಹಿಂಬರಹ ಪಡೆಯುವುದನ್ನು ಬಿಡಬೇಡಿ. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಅಂಥ ಜಮೀನು ಮಾರಿದ್ದರೆ ಮೂಲ ಮಂಜೂರುದಾರರಿಗೆ ಮರಳಿಸಬಹುದು. 2023ರ ತಿದ್ದುಪಡಿಯ ನಂತರ ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಅದು ಆ ಕುಟುಂಬಗಳ ನ್ಯಾಯವಾದ ಹಕ್ಕು. ಅದನ್ನು ಮುಚ್ಚಿಟ್ಟು ನಿಮಗೆ ಮಾರುವವರೇ ತಪ್ಪಿತಸ್ಥರು.

ಪ್ರಾಧಿಕಾರವೇ ಹಂಚಿದ ಸೈಟನ್ನು ಈಗಿನ ಮಾಲೀಕರಿಂದ ಕೊಳ್ಳುವುದಾದರೆ ಹಂಚಿಕೆಯ ಮೂಲ ನೋಡಿ. ಪ್ರಾಧಿಕಾರಕ್ಕೆ ಹೋದ ಜಮೀನಿಗೆ ಬದಲಾಗಿ 50:50 ಅನುಪಾತದಲ್ಲಿ ಕೊಟ್ಟ ನಿವೇಶನಗಳ ಬಗ್ಗೆ 2024ರಲ್ಲಿ ತನಿಖೆ ಶುರುವಾಯಿತು. ಅಂಥ ಮೂಲದ ಸೈಟಾದರೆ ವಕೀಲರ ಲಿಖಿತ ಅಭಿಪ್ರಾಯವಿಲ್ಲದೆ ಮುಂಗಡವನ್ನೂ ಕೊಡಬೇಡಿ.

ಪ್ರಶ್ನೆ: ಬಿ ಖಾತಾ ಸೈಟು ಅರ್ಧ ಬೆಲೆಗೆ ಸಿಗುತ್ತಿದೆ. ಮುಂದೆ ಎ ಖಾತಾ ಆಗುತ್ತದೆ ಎನ್ನುತ್ತಾರೆ. — ಓದುಗರು, ಮೈಸೂರು

ಮನೆ ಕಟ್ಟಿ ವಾಸ ಮಾಡಲು ಹೊರಟವರು ಕೊಳ್ಳಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಖಾತೆ ಎಂಬುದೇ ಕಂದಾಯದ ವಹಿ. ಅದು ಹಕ್ಕಿನ ಪತ್ರವಲ್ಲ. ಬಿ ಖಾತಾ ಎಂದರೆ ‘ಇಲ್ಲೊಂದು ಆಸ್ತಿ ಇದೆ, ತೆರಿಗೆ ಕಟ್ಟುತ್ತಿದ್ದಾರೆ’ ಎಂದಷ್ಟೇ. ಬಡಾವಣೆ ನಕ್ಷೆಗೆ ಮಂಜೂರಾತಿ ಇಲ್ಲದಿದ್ದರೆ ಕಟ್ಟಡ ಪರವಾನಗಿ ಕಷ್ಟ, ಬ್ಯಾಂಕ್ ಸಾಲ ಕಷ್ಟ, ನಾಳೆ ನೀವು ಮಾರುವಾಗ ಕೊಳ್ಳುವವರೂ ಇದೇ ಪ್ರಶ್ನೆ ಕೇಳುತ್ತಾರೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ ನೋಡಿ: 9 ಮತ್ತು 11ಎ ಇದ್ದರೆ ಕ್ರಮಬದ್ಧ ಆಸ್ತಿ, 11ಬಿ ಇದ್ದರೆ ಅಲ್ಲ. ಗುಂಟೆ ಲೆಕ್ಕದಲ್ಲಿ ಜಮೀನು ಕೊಂಡು ‘ಆಮೇಲೆ ಸರಿಮಾಡಿಸೋಣ’ ಎನ್ನುವುದಂತೂ ಬೇಡ. ಆಗಲೇ ಕೊಂಡು ಕೂತಿರುವವರ ಕಷ್ಟ ಬೇರೆ, ಅವರಿಗೆ ಇ-ಖಾತೆ ಮಾಡಿಸಿಕೊಳ್ಳುವುದು ಒಳ್ಳೆಯದೇ. ಹೊಸದಾಗಿ ಆ ಕಷ್ಟಕ್ಕೆ ಸೇರುವುದು ಬೇಡ ಎನ್ನುತ್ತಿದ್ದೇವೆ.

ಪ್ರಶ್ನೆ: ಮಂಡ್ಯದ ಹೊರವಲಯದಲ್ಲಿ, ನಾಲೆಯಿಂದ ಸ್ವಲ್ಪ ದೂರದಲ್ಲಿ, ಗದ್ದೆಯಾಗಿದ್ದ ಜಾಗದ 30x40 ಸೈಟು. ಕಾಗದಪತ್ರ ಸರಿಯಿದೆ. ಮನೆ ಕಟ್ಟಲು ಯೋಗ್ಯವೇ? — ಓದುಗರು, ಮಂಡ್ಯ

ಕಟ್ಟಬಹುದು. ಆದರೆ ಫೆಬ್ರವರಿ, ಮಾರ್ಚಿನಲ್ಲಿ ನಾಲೆ ಒಣಗಿದ್ದಾಗ ನೋಡಿ ಒಪ್ಪಬೇಡಿ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ಸುತ್ತಲಿನ ಗದ್ದೆಗಳಲ್ಲಿ ನಾಟಿ ಆದ ಮೇಲೆ ನೆಲದಡಿಯ ನೀರು ಮೇಲೇರುತ್ತದೆ. ಆಗ ಸೈಟಿನ ಮೂಲೆಯಲ್ಲಿ ಮೂರಡಿ ಅಗಲ, ಆರಡಿ ಆಳದ ಗುಂಡಿ ತೆಗೆಸಿ. ಇಬ್ಬರು ಆಳು, ಒಂದು ದಿನದ ಕೆಲಸ. ಸಡಿಲ ಮಣ್ಣಾದರೆ ಬದಿ ಕುಸಿಯುತ್ತದೆ, ಆಸರೆ ಕೊಡದೆ ಒಳಗೆ ಇಳಿಯಬಾರದು.

ಗುಂಡಿಯ ಗೋಡೆಯನ್ನು ಓದಬೇಕು. ಮೇಲೆ ಕೆಂಪು ಗ್ರಾವೆಲ್, ಅದರಡಿ ಇಟ್ಟಿಗೆ ಚೂರು, ಪ್ಲಾಸ್ಟಿಕ್, ಅದರಡಿ ಕಪ್ಪು ಕೆಸರು, ಕೊಳೆತ ಬೇರು ಕಂಡರೆ ಅದು ಗದ್ದೆಯ ಮೇಲೆ ಹೊಡೆದ ಮಣ್ಣು. ಎಷ್ಟು ಅಡಿ ತುಂಬಿದ್ದಾರೆ ಎಂದು ಅಳೆಯಿರಿ. ತುಂಬಿದ ಮಣ್ಣಿನ ಮೇಲೆ ಪಾಯ ನಿಲ್ಲಬಾರದು, ಅದನ್ನು ದಾಟಿ ಮೂಲ ನೆಲ ಮುಟ್ಟಬೇಕು. ಅರ್ಧ ಮನೆ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿದ್ದರ ಮೇಲೆ ಕೂತರೆ ಒಂದು ಬದಿ ಇಳಿದು ಕಿಟಕಿಯ ಮೂಲೆಯಿಂದ ಓರೆ ಬಿರುಕು ಏಳುತ್ತದೆ. ಮೂಲ ನೆಲದ ಮಣ್ಣನ್ನು ಒದ್ದೆ ಮಾಡಿ ಅಂಗೈಯಲ್ಲಿ ಹೊಸೆಯಿರಿ. ತುಂಡಾಗದೆ ಸೇವಿಗೆಯಷ್ಟು ಸಣ್ಣಗೆ ಎಳೆ ಬಂದರೆ ಜೇಡಿ ಹೆಚ್ಚು. ಒದ್ದೆಯಾದಾಗ ಹಿಗ್ಗಿ, ಒಣಗಿದಾಗ ಕುಗ್ಗುವ ಮಣ್ಣಾಗಿರಬಹುದು. ಹಾಗಿದ್ದರೆ ಮಣ್ಣಿನ ಪರೀಕ್ಷೆ ಮಾಡಿಸಿ, ಕಂಬದ ಪಾಯ ಮತ್ತು ಪ್ಲಿಂತ್ ಬೀಮಿನ ಖರ್ಚು ಸೇರಿಸಿಕೊಂಡು ಸೈಟಿನ ಬೆಲೆ ಮಾತಾಡಿ. ಗುಂಡಿಯನ್ನು ಒಂದು ರಾತ್ರಿ ಹಾಗೇ ಬಿಟ್ಟು, ಸುತ್ತ ಬೇಲಿ ಕಟ್ಟಿ, ಬೆಳಗ್ಗೆ ನೋಡಿ. ತಳದಲ್ಲಿ ನೀರು ನಿಂತಿದ್ದರೆ ಅದರ ಮಟ್ಟವನ್ನು ಬರೆದಿಟ್ಟುಕೊಳ್ಳಿ, ಮುಂದಿನ ಎಲ್ಲ ಲೆಕ್ಕಕ್ಕೂ ಅದು ಬೇಕು.

ಅಂಥ ನೆಲದಲ್ಲಿ ಖಾಲಿ ಸಂಪು ತೇಲಿ ಮೇಲೇಳುತ್ತದೆ ಎಂದರೆ ಹಲವರು ನಂಬುವುದಿಲ್ಲ. ಲೆಕ್ಕ ನೋಡಿ. 6,000 ಲೀಟರಿನ ಸಂಪಿನ ಒಳಗಾತ್ರ 6 ಘನ ಮೀಟರ್. ಕಾಂಕ್ರೀಟ್ ಗೋಡೆ, ತಳ, ಮುಚ್ಚಳ 2 ಘನ ಮೀಟರ್ ಎಂದುಕೊಂಡರೆ ಹೊರಗಾತ್ರ 8. ನೀರು ನೆಲಮಟ್ಟಕ್ಕೆ ಬಂದಾಗ ಅದು ಸಂಪನ್ನು 8 ಟನ್ ಬಲದಿಂದ ಮೇಲಕ್ಕೆ ದೂಡುತ್ತದೆ. ಕಾಂಕ್ರೀಟಿನ ತೂಕ ಸುಮಾರು 5 ಟನ್. ತುಂಬಿದ್ದರೆ ಒಳಗಿನ 6 ಟನ್ ನೀರು ಹಿಡಿದಿಡುತ್ತದೆ. ಖಾಲಿ ಮಾಡಿ ತೊಳೆಯುವ ದಿನ ಎದ್ದು ಕೊಳವೆ ಕಿತ್ತುಬರಬಹುದು. ಇಟ್ಟಿಗೆಯ ಸಂಪಾದರೆ ತಳವೇ ಒಡೆದು ಹೊರಗಿನ ನೀರು ಒಳಬರುತ್ತದೆ. ತಳದ ಕಾಂಕ್ರೀಟನ್ನು ಗೋಡೆಯಿಂದ ಒಂದಡಿ ಹೊರಚಾಚಿ ಹಾಕಿಸಿದರೆ ಮೇಲಿನ ಮಣ್ಣಿನ ಭಾರವೂ ಅದನ್ನು ಒತ್ತಿ ಹಿಡಿಯುತ್ತದೆ. ನಾಲೆ ಹರಿಯುವ ತಿಂಗಳುಗಳಲ್ಲಿ ಸಂಪು ಪೂರ್ತಿ ಖಾಲಿ ಮಾಡಬೇಡಿ.

ಇನ್ನೊಂದು ವಿಷಯ ಸೈಟು ಕೊಳ್ಳಬೇಕೇ ಬೇಡವೇ ಎಂಬುದನ್ನೇ ತೀರ್ಮಾನಿಸುವಂಥದ್ದು. ಅಲ್ಲಿ ಒಳಚರಂಡಿ ಇದೆಯೇ? ಇಲ್ಲದಿದ್ದರೆ ಶೌಚದ ಗುಂಡಿ, ಇಂಗುಗುಂಡಿ ಬರುತ್ತವೆ. ಕುಡಿಯುವ ನೀರಿನ ಬಾವಿ, ಬೋರ್‌ವೆಲ್ಲಿನಿಂದ ಇಂಗುಗುಂಡಿ 18 ಮೀಟರ್ ದೂರವಿರಬೇಕು. 40 ಅಡಿ ಎಂದರೆ 12 ಮೀಟರ್. ನಿಮ್ಮ ಸೈಟಿನೊಳಗೆ ಅಷ್ಟು ದೂರ ಸಿಗುವುದೇ ಇಲ್ಲ, ಅಕ್ಕಪಕ್ಕದವರದ್ದೂ ಇದೇ ಪಾಡು. ನೀರಿನ ಮಟ್ಟ ಮೇಲಿರುವ ಕಡೆ ಗುಂಡಿ ಇಂಗದೆ ಉಕ್ಕುತ್ತದೆ ಬೇರೆ. ಒಳಚರಂಡಿಯೂ ಇಲ್ಲ, ಬೋರ್‌ವೆಲ್ ಒಂದೇ ಆಧಾರ ಎನ್ನುವ ಕಡೆ ಎಷ್ಟು ಅಗ್ಗವಾದರೂ ಬೇಡ.

ಕಬ್ಬು ಅರೆಯುವ ಕಾಲದಲ್ಲೊಮ್ಮೆ ಹೋಗಿ ಆಲೆಮನೆಯ ಹೊಗೆ ಯಾವ ಕಡೆ ತಿರುಗುತ್ತದೆ ಎಂದೂ ನೋಡಿ ಬನ್ನಿ.

ಪ್ರಶ್ನೆ: ಕೊಳ್ಳುವ ಮುಂಚೆ ಎರಡು ವರ್ಷ ಭೋಗ್ಯಕ್ಕೆ ಇರೋಣ ಎಂದುಕೊಂಡಿದ್ದೇವೆ. — ಓದುಗರು, ದಾವಣಗೆರೆ

ಆಲೋಚನೆ ಒಳ್ಳೆಯದು, ಅಪಾಯ ಒಂದಿದೆ. ಮಾಲೀಕರು ಆ ಮನೆಯ ಮೇಲೆ ಬ್ಯಾಂಕ್ ಸಾಲ ಪಡೆದು ಕಟ್ಟದಿದ್ದರೆ ಬ್ಯಾಂಕ್ ಮನೆಯನ್ನು ಹರಾಜಿಗೆ ಹಾಕುತ್ತದೆ, ನಿಮ್ಮ ಭೋಗ್ಯದ ಲಕ್ಷಗಳು ಸಿಕ್ಕಿಬೀಳುತ್ತವೆ. ಹಾಗಾಗಿ ಭೋಗ್ಯಕ್ಕೂ ಇಸಿ ತೆಗೆಸಿ. ಅಡಮಾನಗಳ ಕೇಂದ್ರ ದಾಖಲೆಯಾದ ಸೆರ್ಸಾಯ್ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಹುಡುಕಿ. ಪತ್ರವನ್ನು ನೋಂದಾಯಿಸಿ, ಹಣ ಬ್ಯಾಂಕ್ ಮೂಲಕವೇ ಕೊಡಿ. ಮಾಲೀಕರು ನೋಂದಣಿಗೆ ಒಪ್ಪದಿದ್ದರೆ ಬಾಡಿಗೆಗೆ ಇರಿ.

ಪ್ರಶ್ನೆ: ಸರಸ್ವತಿಪುರದಲ್ಲಿ ಸುಮಾರು 45 ವರ್ಷದ ಮನೆ. ತಂದೆ ತೀರಿಕೊಂಡಿದ್ದಾರೆ, ತಾಯಿ ಮತ್ತು ಇಬ್ಬರು ಗಂಡುಮಕ್ಕಳು ಸಹಿ ಹಾಕುತ್ತಾರಂತೆ. ‘ಹೆಣ್ಣುಮಕ್ಕಳಿಗೆ ಮದುವೆಯಲ್ಲೇ ಕೊಟ್ಟಾಗಿದೆ’ ಎನ್ನುತ್ತಾರೆ. — ಓದುಗರು, ಮಡಿಕೇರಿ

ಹೆಣ್ಣುಮಕ್ಕಳ ಸಹಿ ಇಲ್ಲದೆ ಕೊಳ್ಳಬೇಡಿ. ಮದುವೆಯ ಖರ್ಚಿನಿಂದ ಹಕ್ಕು ಹೋಗುವುದಿಲ್ಲ. ಉಯಿಲು ಬರೆಯದೆ ತಂದೆ ತೀರಿಕೊಂಡಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅವರ ಸ್ವಯಾರ್ಜಿತದಲ್ಲಿ ಹೆಂಡತಿ, ಗಂಡು, ಹೆಣ್ಣು ಎಲ್ಲರೂ ಸಮಪಾಲುದಾರರು. ಪಿತ್ರಾರ್ಜಿತದಲ್ಲಿ ಮಗಳೂ ಹುಟ್ಟಿನಿಂದಲೇ ಹಕ್ಕುದಾರಳು. 2005ರ ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿಯೊಬ್ಬರೂ ಕ್ರಯಪತ್ರಕ್ಕೆ ಸಹಿ ಹಾಕಲಿ, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಕೊಡಲಿ. ಬಿಳಿ ಹಾಳೆಯ ಒಪ್ಪಿಗೆ ನಡೆಯುವುದಿಲ್ಲ. ತೀರಿಹೋದ ಮಗನೋ ಮಗಳೋ ಇದ್ದರೆ ಅವರ ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ. ಅಪ್ರಾಪ್ತರಿದ್ದರೆ ನ್ಯಾಯಾಲಯದ ಅನುಮತಿಯ ಬಗ್ಗೆ ವಕೀಲರನ್ನು ಕೇಳಿ.

ಮನೆಯನ್ನು ನೋಡುವಾಗ ಬಣ್ಣ ಹೊಸದಾಗಿದ್ದರೆ ಹೆಚ್ಚು ಎಚ್ಚರ. ಗೋಡೆಯ ಬುಡದಿಂದ ಎರಡು ಮೂರಡಿ ಎತ್ತರದವರೆಗೆ ಉಪ್ಪು ಬಿಟ್ಟಂಥ ಹುಡಿ ಇದ್ದರೆ ನೆಲದ ತೇವ ಏರುತ್ತಿದೆ. ತಾರಸಿಯ ಒಳಮೈಯನ್ನು ಕೋಲಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಊದಿ ಕಾಂಕ್ರೀಟನ್ನು ತಳ್ಳುತ್ತಿರಬಹುದು. ಬಚ್ಚಲು, ಅಡುಗೆಮನೆಯ ಮೇಲ್ಭಾಗದಲ್ಲಿ ಇದು ಹೆಚ್ಚು. ಗೇಟಿನ ಬಳಿಯ ಒಳಚರಂಡಿ ಚೇಂಬರ್ ತೆರೆಸಿ, ಹಿತ್ತಲಿನಿಂದ ಎರಡು ಬಕೆಟ್ ನೀರು ಒಟ್ಟಿಗೆ ಸುರಿಯಿಸಿ. ಸರಾಗವಾಗಿ ಬರದೆ ತೊಟ್ಟಿಕ್ಕಿದರೆ ಹಳೆಯ ಮಣ್ಣಿನ ಕೊಳವೆಯಲ್ಲಿ ಬೇರು ಹೊಕ್ಕಿರಬಹುದು. ಗೋಡೆಯ ಎರಡೂ ಮುಖದಲ್ಲಿ ಕಾಣುವ, 3 ಮಿಲಿಮೀಟರಿಗಿಂತ ಅಗಲವಾದ ಓರೆ ಬಿರುಕಿದ್ದರೆ ಎಂಜಿನಿಯರ್ ನೋಡದೆ ಮಾತು ಮುಂದುವರಿಸಬೇಡಿ. ಈ ವಯಸ್ಸಿನ ಮನೆಗೆ ನೀವು ಕೊಡುವ ದುಡ್ಡು ಬಹುಪಾಲು ನೆಲಕ್ಕೇ. ಚೌಕಾಸಿಯೂ ಅದರಂತೆ ಇರಲಿ.

ಪ್ರಶ್ನೆ: ಮಂಡ್ಯದಲ್ಲಿ ಮನೆ ಮಾಡಿ ಬೆಂಗಳೂರಿಗೆ ವಾರಕ್ಕೆ ಮೂರು ದಿನ ಹೋಗಿಬರಬಹುದೇ? — ಓದುಗರು, ಮದ್ದೂರು

ಬಹುದು, ರೈಲನ್ನು ನೆಚ್ಚಿಕೊಂಡರೆ. ಜೋಡಿ ಹಳಿ, ವಿದ್ಯುದೀಕರಣ ಎರಡೂ ಆಗಿವೆ, ಬೆಂಗಳೂರು ನಿಲ್ದಾಣ ಸುಮಾರು 93 ಕಿ.ಮೀ. ದೂರ. ಆದ್ದರಿಂದ ಮಂಡ್ಯ ನಿಲ್ದಾಣಕ್ಕೆ ಹತ್ತು ಹದಿನೈದು ನಿಮಿಷದಲ್ಲಿ ತಲುಪುವ ಮನೆ ನೋಡಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೆದ್ದಾರಿ ಊರನ್ನು ಬಳಸಿ ಹೋಗುತ್ತದೆ. ‘ಎಕ್ಸ್‌ಪ್ರೆಸ್‌ವೇಗೆ ಹತ್ತಿರ’ ಎನ್ನುವ ಸೈಟಿನಿಂದ ಅದಕ್ಕೆ ಹತ್ತುವ ಜಾಗ ಎಷ್ಟು ದೂರ ಎಂದು ಗಾಡಿಯಲ್ಲೇ ಹೋಗಿ ಅಳೆಯಿರಿ. 2023ರ ಆಗಸ್ಟ್‌ನಿಂದ ಅದರ ಮುಖ್ಯ ಪಥದಲ್ಲಿ ಬೈಕ್, ಆಟೊ ಬಿಡುವುದಿಲ್ಲ, ಸರ್ವಿಸ್ ರಸ್ತೆಯೇ ಗತಿ. ಕಾರಾದರೆ ಬೆಂಗಳೂರು ಕಡೆ ಕಣಿಮಿಣಿಕೆಯಲ್ಲಿ, ಮೈಸೂರು ಕಡೆ ಗಣಂಗೂರಿನಲ್ಲಿ ಟೋಲ್. ತಿಂಗಳಿಗೆ ಹನ್ನೆರಡು ಹೋಗಿಬರುವಿಕೆಯ ಟೋಲ್ ಮತ್ತು ಇಂಧನವನ್ನು ಬಾಡಿಗೆಯ ಉಳಿತಾಯದ ಪಕ್ಕದಲ್ಲಿ ಬರೆದು ನೋಡಿ.

ಪ್ರಶ್ನೆ: 60 ಲಕ್ಷದ ಸ್ವತಂತ್ರ ಮನೆ, ಮೈಸೂರು ನಗರದೊಳಗೆ. ಕೈಯಲ್ಲಿ ಎಷ್ಟಿರಬೇಕು? — ಓದುಗರು, ತುಮಕೂರು

30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕ್ ಮೌಲ್ಯದ ಶೇ 80 ಮೀರಿ ಕೊಡುವಂತಿಲ್ಲ. ಅಂದರೆ 48 ಲಕ್ಷ ಸಾಲ, 12 ಲಕ್ಷ ನಿಮ್ಮದು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6: 3,36,000 ರೂಪಾಯಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ: 1,20,000. ಈ 4,56,000ಕ್ಕೆ ಬ್ಯಾಂಕ್ ಸಾಲ ಸಿಗುವುದಿಲ್ಲ. ಹಾಗಾಗಿ ಕನಿಷ್ಠ 16,56,000 ಕೈಯಲ್ಲಿರಲಿ. ವಕೀಲರು, ರಿಪೇರಿ, ಸಾಗಣೆ ಬೇರೆ. ಸರ್ಕಾರದ ಮಾರ್ಗಸೂಚಿ ದರದ ಲೆಕ್ಕ 60 ಲಕ್ಷಕ್ಕಿಂತ ಹೆಚ್ಚು ಬಂದರೆ ಶುಲ್ಕ ಅದರ ಮೇಲೆ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1, ಇಲ್ಲಿ 60,000, ಮಾರುವವರಿಗೆ ಕೊಡುವ ಹಣದಲ್ಲೇ ಆದಾಯ ತೆರಿಗೆಯಾಗಿ (ಟಿಡಿಎಸ್) ಮುರಿದು ಅವರ ಪ್ಯಾನ್‌ಗೆ ನೀವೇ ಕಟ್ಟಬೇಕು. ಮರೆತರೆ ಬಡ್ಡಿ, ದಂಡ ಕೊಳ್ಳುವವರ ಮೇಲೆ.

ಪ್ರಶ್ನೆ: ಸೈಟನ್ನು ನಾವೇ ಅಳೆಯಬಹುದೇ? — ಓದುಗರು, ಶ್ರೀರಂಗಪಟ್ಟಣ

ಅಳೆಯಲೇಬೇಕು. ಮೊದಲು ಸೈಟಿನ ನಡುವೆ ನಿಂತು ದಿಶಾಂಕ್ ಆ್ಯಪ್ ತೆರೆಯಿರಿ. ಅದು ತೋರುವ ಸರ್ವೆ ನಂಬರ್ ನಿಮ್ಮ ಪತ್ರದಲ್ಲಿರುವುದೇ? ಕೆರೆ, ಹಳ್ಳ, ಖರಾಬು ಪಕ್ಕದಲ್ಲಿದೆಯೇ? ಫೋನಿನ ಗುರುತು ಕೆಲವು ಮೀಟರ್ ಆಚೀಚೆ ಆಗುವುದರಿಂದ ಗಡಿಗೆ ಅಂಟಿದ ಸೈಟಾದರೆ ಸರ್ವೆಯವರಿಂದ ಹದ್ದುಬಸ್ತು ಮಾಡಿಸಿ. ಆಮೇಲೆ ಉಕ್ಕಿನ ಟೇಪು ಹಿಡಿದು ನಾಲ್ಕು ಬದಿಯ ಜೊತೆಗೆ ಎರಡು ಕರ್ಣಗಳನ್ನೂ ಅಳೆಯಿರಿ. 30x40 ಸೈಟಿನ ಕರ್ಣ ಸರಿಯಾಗಿ 50 ಅಡಿ ಬರಬೇಕು. 40x60ರದ್ದು 72 ಅಡಿ 1 ಇಂಚಿಗೆ ತುಸು ಹೆಚ್ಚು. ಬದಿಗಳು ಸರಿಯಿದ್ದೂ ಒಂದು ಕರ್ಣ 48, ಇನ್ನೊಂದು 52ರ ಸುಮಾರಿಗೆ ಬಂದರೆ ಸೈಟು ಸೊಟ್ಟ. ಚದರಡಿಯೂ ಕಡಿಮೆ, ಸುತ್ತ ಬಿಡಬೇಕಾದ ಜಾಗ ಕಳೆದ ಮೇಲೆ ಚೌಕದ ಕೋಣೆ ಕೂರಿಸುವುದೂ ಕಷ್ಟ. ಮೂಲೆಗಲ್ಲುಗಳ ಫೋಟೊ ತೆಗೆದು, ಅಳತೆಗಳನ್ನು ಕರಾರುಪತ್ರದ ಷೆಡ್ಯೂಲಿನಲ್ಲಿ ಅಡಿ ಇಂಚಿನ ಸಮೇತ ಬರೆಸಿ.